ಮೂರಕ್ಕೆ ಒಂದು

ಬೆಳಿಗ್ಗೆ ಎಂಟಕ್ಕೆ, ಮರದಲ್ಲಿ ಅಕ್ಷರ ಕೊರೆಯುವ ಯಂತ್ರ ಮತ್ತೆ ಗೊರಕೆ ಹೊಡೆಯಿತು. ಹಿಂದಿನ ಕೋಣೆಯ ನೆಲದ ಮೇಲೆ ಮಂಡಿಯೂರಿ, ಧೂಳು ಹಾರದಿರಲೆಂದು ಯಂತ್ರದ ಸುತ್ತ ತಾನೇ ಕಟ್ಟಿದ ಪ್ಲೈವುಡ್ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದ ಅವನು, ಗೊರಕೆ ಬಂದದ್ದು ಎಲ್ಲಿ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವನಾಗಿದ್ದ: ಅಕ್ಷರದ ಬೆನ್ನು ಬಾಗುವ ಕಡೆ. ನೇರ ಹೋಗುವಷ್ಟು ಹೊತ್ತು ಎರಡು ಮೋಟಾರುಗಳೂ ಮರ್ಯಾದಸ್ಥರಂತೆ ಇರುತ್ತಿದ್ದವು. ತಿರುವು ಬಂತೆಂದರೆ ಒಂದು ನಿಧಾನಿಸಬೇಕು, ಇನ್ನೊಂದು ಚುರುಕಾಗಬೇಕು. ಆ ಹೊಂದಾಣಿಕೆಯ ನಡುವೆ ಯಾವುದೋ ಒಂದು ವೇಗದಲ್ಲಿ ಇಡೀ ಚೌಕಟ್ಟು ಗರ್ ಎಂದು ನಡುಗಿ, ಮರದ ಮೇಲೆ ಬಾಚಣಿಗೆಯ ಹಲ್ಲಿನಂಥ ಗುರುತು ಬಿಡುತ್ತಿತ್ತು. ಈ ಜಾತಿಯ ಮೋಟಾರು ನಿಜ ಹೇಳಬೇಕೆಂದರೆ ತಿರುಗುವುದೇ ಇಲ್ಲ, ಹೆಜ್ಜೆ ಇಡುತ್ತದೆ, ಒಂದು ಸುತ್ತಿಗೆ ಇನ್ನೂರು ಹೆಜ್ಜೆ. ಅದನ್ನು ತಿಳಿದೇ ಕೊಂಡಿದ್ದ. ತಿಳಿಯದೇ ಇದ್ದದ್ದು ಬೇರೆ: ತಾನು ಹುಟ್ಟಿದಾಗಿನಿಂದ ಓದಿ ಬರೆದ ಲಿಪಿಯಲ್ಲಿ ನೆಟ್ಟಗಿರುವ ಅಕ್ಷರ ಅಂತ ಒಂದೂ ಇಲ್ಲ ಎಂಬುದು. ಎಲ್ಲವೂ ದುಂಡು, ಎಲ್ಲಕ್ಕೂ ಒಂದು ಕೊಂಡಿ, ಕೊಂಡಿಗೊಂದು ಬಾಲ. ನಲವತ್ತಾರು ವರ್ಷ ಇದು ಅವನ ಗಮನಕ್ಕೆ ಬಂದಿರಲಿಲ್ಲ. ಈಗ ಯಾರೋ ಬೇಕೆಂದೇ ತನ್ನ ಮೇಲೆ ಹಗೆ ಸಾಧಿಸಲು ಆ ಅಕ್ಷರಗಳನ್ನು ಹಾಗೆ ಮಾಡಿಟ್ಟಿದ್ದಾರೆ ಅನ್ನಿಸುತ್ತಿತ್ತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿ, ಕೈಯಲ್ಲಿ ಅಂಗಡಿಯ ಬೀಗದ ಕೈ ಹಿಡಿದು ಹೊರಟು ನಿಂತವಳು.

"ನಾಲ್ಕಕ್ಕೆ ಅಂಗಡಿ ಓಪನಿಂಗಿಗೆ ಎಲ್ಲ ಬರ್ತಾರೆ."

"ಗೊತ್ತು."

"ಬೋರ್ಡು?"

"ಆಗುತ್ತೆ."

"ಆಗುತ್ತೆ ಅನ್ನೋದನ್ನ ಮೂರು ತಿಂಗಳಿಂದ ಕೇಳ್ತಿದೀನಿ. ಇವತ್ತು ಆಗುತ್ತಾ ಅಂತ ಕೇಳ್ತಿರೋದು. ಅಲ್ಲಿ ಐದು ಅಂಗಡಿ ಸಾಲಾಗಿವೆ, ಐದಕ್ಕೂ ಒಂದೇ ಥರ ಬಾಗಿಲು. ಬಂದೋರಿಗೆ ನನ್ನದು ಯಾವುದು ಅಂತ ಗೊತ್ತಾಗ್ಬೇಕಲ್ಲ."

ಹದಿನೆಂಟು ವರ್ಷ ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿದವಳಿಗೆ ಗಟ್ಟಿಯಾಗಿ ಬೈಯುವುದು ಬರುತ್ತಿರಲಿಲ್ಲ. ಅವಳು ದನಿ ಇಳಿಸಿದಷ್ಟೂ ಅವನಿಗೆ ಹೆದರಿಕೆ ಹೆಚ್ಚು. ಈಗ ಅವಳ ಮಾತು ಬರೀ ತುಟಿಯ ಮೇಲಿತ್ತು. ಆ ಕೋಣೆ ಮುಚ್ಚಿದ ಮೇಲೆ ಅವಳು ಮನೆಯಲ್ಲಿ ಕೂರದೆ ಸ್ವಂತ ಅಂಗಡಿ ಹಿಡಿದಿದ್ದಳು. 'ರಟ್ಟು ದಾರ' ಎಂದು ಹೆಸರೂ ಅವಳೇ ಇಟ್ಟದ್ದು. ಬೋರ್ಡಿಗೆ ಪೇಂಟರನ್ನು ಕರೆಯುವ ಮಾತು ಬಂದಾಗ, ಅಡುಗೆಮನೆಯ ಬಾಗಿಲಿಗೆ ಒರಗಿ, ಟೀ ಲೋಟ ಹಿಡಿದು, "ಪೇಂಟರ್ ಯಾಕೆ, ನಾನಿಲ್ವಾ?" ಅಂದದ್ದು ಇವನು. ಯಾರೂ ಕೇಳಿರಲಿಲ್ಲ. ಹಾಗೆ ಅಂದಾಗ ತನ್ನ ಮುಖದ ಮೇಲಿದ್ದಿರಬಹುದಾದ ಔದಾರ್ಯವನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತಿತ್ತು. ಅಂಗಡಿ ಹಿಡಿದ ದಿನದಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲವೆಂದು ಅವನಿಗೆ ಗೊತ್ತಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವಳು ಹೆದರಿದ್ದಳು. ಆ ಹೆದರಿಕೆಯಲ್ಲಿ ಅವನ ಪಾಲಿಗೆ ಬಿಟ್ಟಿದ್ದ ಕೆಲಸ ಒಂದೇ, ಒಂದು ಹಲಗೆ.

"ಆಗುತ್ತೆ" ಎಂದು ಇನ್ನೊಮ್ಮೆ ಹೇಳಿದ. ಅವಳು ಪೆಟ್ಟಿಗೆಯ ಕಡೆ ನೋಡಿ, "ನಿಮ್ಮ ಗೊರಕೆ ಕೆಳಗಿನ ಮನೆಗೂ ಕೇಳುತ್ತಂತೆ. ನಿಮ್ಮ ಅಪ್ಪ ಬಂದಿದಾರಾ ಅಂತ ವಿಚಾರಿಸಿದ್ರು" ಎಂದು ಹೇಳಿ ಹೊರಟುಹೋದಳು.

ಹವ್ಯಾಸಕ್ಕೆಂದು ಈ ಯಂತ್ರ ಕಟ್ಟಲು ಹೊರಟಾಗ ಮೋಟಾರು ಆರಿಸುವುದಕ್ಕೇ ಅವನು ಹನ್ನೊಂದು ತಿಂಗಳು ಮೀನಮೇಷ ಎಣಿಸಿದ್ದ. ಹೆಜ್ಜೆ ಇಡುವ ಮೋಟಾರೋ, ತನ್ನ ಜಾಗ ತಾನೇ ನೋಡಿಕೊಂಡು ತಿದ್ದಿಕೊಳ್ಳುವ ಸರ್ವೋ ಮೋಟಾರೋ. ನೇರ ಜೋಡಿಸುವುದೋ, ನಡುವೆ ಗೇರು ಹಾಕುವುದೋ. ಹಾಕಿದರೆ ಹಲ್ಲಿನ ಗೇರೋ ಬೆಲ್ಟೋ. ಒಂದೊಂದು ಪ್ರಶ್ನೆಗೂ ಒಂದೊಂದು ನೋಟ್‌ಬುಕ್ ಇತ್ತು. ಲಿಫ್ಟ್ ಕಂಪನಿಯಲ್ಲಿದ್ದ ಭಾಮೈದ ಬಂದಾಗಲೆಲ್ಲ ಸೋಫಾದ ಮೇಲೆ ಕಾಲು ಚಾಚಿ, "ಸರ್ವೋ ಹಾಕಿ ಭಾವ, ತಲೆಬಿಸಿ ಯಾಕೆ. ನಮ್ಮ ಲಿಫ್ಟಲ್ಲಿ ತುಂಬಿದ ಲೋಟ ಇಟ್ರೂ ತುಳುಕಲ್ಲ" ಅನ್ನುತ್ತಿದ್ದ. ಆ ಒಂದೇ ಕಾರಣಕ್ಕೆ ಇವನು ಸರ್ವೋ ಹಾಕಲಿಲ್ಲ. ಇದನ್ನು ಯಾವ ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ. ಎಲ್ಲ ತೂಗಿ ನೋಡಿ ಬಂದ ತೀರ್ಮಾನ ಎಂದೇ ಎಲ್ಲರಿಗೂ ಹೇಳಿದ್ದ, ಕೊನೆಗೆ ತಾನೂ ನಂಬಿದ್ದ. ಈಗ ಗೊರಕೆ ಕೇಳಿದಾಗಲೆಲ್ಲ ಭಾಮೈದನ ಚಾಚಿದ ಕಾಲು ಕಣ್ಣೆದುರು ಬರುತ್ತಿತ್ತು, ಅದೂ ಸಾಕ್ಸಿನ ಸಮೇತ.

ಇದಕ್ಕಿಂತ ತಮಾಷೆಯೆಂದರೆ ಅವನ ಹೊಟ್ಟೆಪಾಡು. ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಜನರನ್ನು ಕೂರಿಸಿ, ಕಣ್ಣಿಗೆ ಗಾಜು ಬದಲಿಸುತ್ತ, "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದ. ಎದುರು ಕೂತವರು ತಬ್ಬಿಬ್ಬಾಗಿ, "ಇನ್ನೊಂದ್ಸಲ ತೋರಿಸಿ" ಅಂದಾಗ ಅವನಿಗೆ ಒಳಗೊಳಗೇ ಒಂದು ಸಮಾಧಾನ, ಒಂದು ಬಂಧುಭಾವ. ಯಾರಾದರೂ ಥಟ್ಟನೆ "ಮೊದಲಿನದೇ" ಅಂದುಬಿಟ್ಟರೆ ಮಾತ್ರ ಅನುಮಾನ ಬಂದು, ಅವರಿಗೆ ಇನ್ನೂ ನಾಲ್ಕು ಗಾಜು ಹಾಕಿ ನೋಡುತ್ತಿದ್ದ. ಹೋದ ತಿಂಗಳು ಬಂದ ನಿವೃತ್ತ ಟೀಚರಮ್ಮ ಏಳನೇ ಗಾಜಿಗೆ ತಾಳ್ಮೆ ಕಳೆದುಕೊಂಡು, "ಎರಡೂ ಒಂದೇ ಥರ ಇದೆಯಪ್ಪ. ಯಾವುದೋ ಒಂದು ಹಾಕ್ಬಿಡು, ಓದೋಳು ನಾನು" ಅಂದಿದ್ದರು. ಅಂಗಡಿಯ ಮಾಲೀಕ ಅದನ್ನು ಕೇಳಿಸಿಕೊಂಡು ದಿನವಿಡೀ ಬಂದವರಿಗೆಲ್ಲ ಹೇಳಿ ನಕ್ಕಿದ್ದ.

ಹತ್ತೂವರೆಗೆ ಅವನು ಚಪ್ಪಲಿ ಮೆಟ್ಟಿ ಲೇಥ್ ಅಂಗಡಿಗೆ ನಡೆದ. ಅಲ್ಲಿನ ಮುದುಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಕೂದಲೆಳೆ ಎಂದು. ತಲೆಯಲ್ಲಿ ಒಂದೂ ಇಲ್ಲ. ಆದರೆ ಬಾಯಿ ಬಿಟ್ಟರೆ "ಒಂದು ಕೂದಲೆಳೆ ಸಡಿಲ ಇದೆ", "ಒಂದು ಕೂದಲೆಳೆ ತೆಗೀಬೇಕು". ಇವನು ಹೇಳಿ ಮಾಡಿಸಿದ್ದ ನಾಲ್ಕು ಹಲ್ಲುಚಕ್ರಗಳು, ಇಪ್ಪತ್ತು ಹಲ್ಲಿನವು ಎರಡು, ಅರವತ್ತು ಹಲ್ಲಿನವು ಎರಡು, ಮೂರು ವಾರದಿಂದ ಅವನ ಕಿಟಕಿಯಲ್ಲಿ ಪೇಪರ್ ಸುತ್ತಿಕೊಂಡು ಕೂತಿದ್ದವು. ಚಿಕ್ಕದು ಮೋಟಾರಿಗೆ, ದೊಡ್ಡದು ಯಂತ್ರವನ್ನು ಎಳೆಯುವ ಸ್ಕ್ರೂವಿಗೆ, ನಡುವೆ ಬೆಲ್ಟು. ಮೋಟಾರು ಮೂರು ಸುತ್ತು ಬಂದರೆ ಸ್ಕ್ರೂ ಒಂದು ಸುತ್ತು. ಹೆಜ್ಜೆ ಮೂರು ಪಟ್ಟು ಸಣ್ಣದಾಗುತ್ತದೆ, ನಡುಕವನ್ನು ಬೆಲ್ಟು ನುಂಗುತ್ತದೆ. ಇಷ್ಟು ಗೊತ್ತಿದ್ದೂ ಮೂರು ವಾರ ತರದೇ ಇದ್ದದ್ದು ಯಾಕೆಂದರೆ ನಾಲ್ಕಕ್ಕೆ ಒಂದು ಇದ್ದರೆ ಇನ್ನೂ ಒಳ್ಳೆಯದಿತ್ತೇನೋ ಎಂಬ ಹುಳ ತಲೆ ಕೊರೆಯುತ್ತಿತ್ತು.

"ಮೂರಕ್ಕೆ ಒಂದು ಸಾಕಾ?" ಎಂದು ಚಕ್ರ ಕೈಯಲ್ಲಿ ಹಿಡಿದು ಈಗಲೂ ಕೇಳಿದ. "ಐದಕ್ಕೆ ಒಂದು ಮಾಡಿದ್ರೆ ಇನ್ನೂ ನಯ ಆಗಲ್ವಾ?"

ಕೂದಲೆಳೆ ಕೈಯ ಎಣ್ಣೆ ಒರೆಸಿಕೊಂಡ. "ಹತ್ತಕ್ಕೆ ಒಂದು ಮಾಡಿ, ಇನ್ನೂ ನಯ. ನೂರಕ್ಕೆ ಒಂದು ಮಾಡಿ, ಅಲ್ಲಾಡೋದೇ ಇಲ್ಲ. ಅದಕ್ಕಿಂತ ನಯ ಎಲ್ಲೂ ಸಿಗಲ್ಲ."

"ಹಲ್ಲಿನ ಗೇರ್‌ಬಾಕ್ಸೇ ಹಾಕಿಬಿಟ್ರೆ?"

"ಅದ್ರಲ್ಲಿ ಒಂದು ಕೂದಲೆಳೆ ಸಡಿಲ ಇದ್ದೇ ಇರುತ್ತೆ. ಆ ಕಡೆಯಿಂದ ಈ ಕಡೆ ತಿರುಗುವಾಗ ಮೋಟಾರು ಹೊರಟಿರುತ್ತೆ, ಕಟ್ಟರ್ ಇನ್ನೂ ಅಲ್ಲೇ ನಿಂತಿರುತ್ತೆ. ನಿಮ್ಮ ಹಾಗೆ." ಅವನು ನಗಲಿಲ್ಲ, ಕೆಲಸದ ಮಾತು ಆಡಿದ್ದ ಅಷ್ಟೆ. "ನೋಡಿ, ಬೆಲ್ಟು ಬಿಗಿಯಾಗಿ ಕಟ್ಟಿ. ಜಾಸ್ತಿ ಬಿಗಿ ಬೇಡ. ಹೋಗಿ."

ದಾರಿಯುದ್ದಕ್ಕೂ 'ನಿಮ್ಮ ಹಾಗೆ' ಎಂಬ ಮಾತು ಚಪ್ಪಲಿಗೆ ಸಿಕ್ಕ ಕಲ್ಲಿನಂತೆ ಒತ್ತುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಒಟ್ಟಿಗೇ ಬಂದಿದ್ದವು. ಯಾವುದರಲ್ಲಿ ಕೂರಲು ಜಾಗ ಇದೆ ಎಂದು ಇವನು ಒಂದರ ಕಿಟಕಿ, ಇನ್ನೊಂದರ ಕಿಟಕಿ ಬಗ್ಗಿ ನೋಡುವಷ್ಟರಲ್ಲಿ ಎರಡೂ ಹೊರಟವು. ಹೆಂಡತಿ ಎರಡನೆಯದರಲ್ಲಿದ್ದಳು. ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ವಾಪಸ್ಸು ಬಂದವಳು ಅವನ ಪಕ್ಕ ಬೆಂಚಿನ ಮೇಲೆ ಕೂತಳು. ಇಪ್ಪತ್ತು ನಿಮಿಷ ಅವರು ಮೂರನೇ ಬಸ್ಸಿಗೆ ಕಾದರು. ಅವಳು ಬೈದಿದ್ದರೆ ಮರೆತುಹೋಗುತ್ತಿತ್ತು. ಈಗ ರಸ್ತೆ ದಾಟುತ್ತ, ಎದುರಿಗೆ ಬಂದ ಸೈಕಲ್ಲಿಗೆ ಎಡಕ್ಕೆ ಸರಿಯುವುದೋ ಬಲಕ್ಕೋ ಎಂದು ತಿಳಿಯದೆ ನಡುವೆಯೇ ನಿಂತು ಬೈಸಿಕೊಂಡ. ಆಗ, ಆ ಬೈಗುಳ ಕಿವಿಗೆ ಬಿದ್ದ ಕ್ಷಣ, ಅವನೊಳಗೆ ಏನೋ ಗಟ್ಟಿಯಾಯಿತು. ಇವತ್ತು ಯೋಚನೆ ಇಲ್ಲ. ಮೂರಕ್ಕೆ ಒಂದು. ಬೆಲ್ಟು. ನಾಲ್ಕಕ್ಕೆ ಬೋರ್ಡು.

ಅಂಥ ಲವಲವಿಕೆ ಅವನ ಕೈಗೆ ಯಾವತ್ತೂ ಬಂದಿರಲಿಲ್ಲ. ನೇರ ಜೋಡಣೆ ಬಿಚ್ಚಿದ, ಚಕ್ರ ಕೂರಿಸಿದ, ಬೆಲ್ಟು ಎಳೆದ. ಸ್ಕ್ರೂ ಬಿಗಿಯುವಾಗ ಶಿಳ್ಳೆ ಹೊಡೆಯುತ್ತಿದ್ದದ್ದು ತಾನೇ ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಪ್ರತಿ ಸಲವೂ ಮರ ಮುಟ್ಟದೆ ಗಾಳಿಯಲ್ಲಿ ಏಳು ಬಾರಿ ಓಡಿಸಿ ನೋಡುವುದು ಅವನ ಕ್ರಮ. ಇವತ್ತು ಅದನ್ನು ಕೈಬಿಟ್ಟ. ಧೈರ್ಯವಂತರು ಹೀಗೇ ಇರುತ್ತಾರೇನೋ ಅನ್ನಿಸಿತು. ಮೂರಡಿ ಉದ್ದದ ಒಳ್ಳೆಯ ಹಲಗೆಯನ್ನು ಕ್ಲ್ಯಾಂಪುಗಳಲ್ಲಿ ಬಿಗಿದು, ಎಡಗಡೆಯ ಕೆಳಮೂಲೆಯನ್ನು ಶುರುವಿನ ಜಾಗವೆಂದು ಗುರುತು ಮಾಡಿ, ಮುಚ್ಚಳ ಹಾಕಿ, ಎರಡು ಗಂಟೆ ಹತ್ತು ನಿಮಿಷಕ್ಕೆ ಗುಂಡಿ ಒತ್ತಿದ. ಒಂದೂವರೆ ಗಂಟೆಯ ಕೆಲಸ ಎಂದು ಕಂಪ್ಯೂಟರ್ ತೋರಿಸಿತು.

ಗೊರಕೆ ಬರಲಿಲ್ಲ. ಪೆಟ್ಟಿಗೆಗೆ ಕಿವಿ ಹಚ್ಚಿ ಮೊದಲ ತಿರುವಿಗೆ ಕಾದ. ತಿರುವು ಬಂತು, ಹೋಯಿತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಎರಡನೇ ತಿರುವಿಗೂ ಇಲ್ಲ. ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಹಾಡು ಗುನುಗುತ್ತಿದ್ದಂತೆ ಒಂದು ಮೆತ್ತಗಿನ ಸದ್ದು, ಏರುವಾಗ ತುಸು ಏರಿ, ಇಳಿಯುವಾಗ ತುಸು ಇಳಿದು. ಅವನಿಗೆ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆಯ ಗಾಜಿನ ಕಿಂಡಿಗೆ ಮರದ ಪುಡಿ ಮೆತ್ತಿಕೊಂಡಿತ್ತು. ಒರೆಸಬೇಕು ಅನ್ನಿಸಲೂ ಇಲ್ಲ. ನೋಡುವುದೇನು, ಎರಡು ವರ್ಷ ಅವನನ್ನು ಕಾಡಿದ್ದು ಸದ್ದು, ಆ ಸದ್ದು ಹೋಗಿತ್ತು. ಗೋಡೆಗೆ ಒರಗಿ, ಕಾಲು ಚಾಚಿ, ಭಾಮೈದನ ಹಾಗೆಯೇ ಚಾಚಿ, ಕಣ್ಣು ಮುಚ್ಚಿದ. ನಾಲ್ಕಕ್ಕೆ ಹೆಂಡತಿ ಬಾಗಿಲಲ್ಲಿ ನಿಂತು ಬೋರ್ಡಿನ ಮೇಲೆ ಬೆರಳಾಡಿಸುತ್ತಾಳೆ. ರಟ್ಟಿನ ಅಂಚನ್ನು ಬೆರಳಲ್ಲೇ ಅಳೆಯುವವಳು ಅವಳು, ನಯ ಅಂದರೆ ಏನೆಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಗ್ರಂಥಾಲಯದ ದೊಡ್ಡ ಅಧಿಕಾರಿ ಕೇಳುತ್ತಾರೆ, ಯಾರು ಮಾಡಿದ್ದು? ಅವಳು ದನಿ ಇಳಿಸಿ ಹೇಳುತ್ತಾಳೆ, ನಮ್ಮನೆಯೋರು. ಇವನು ಆಗ ಬೇರೆ ಕಡೆ ನೋಡುತ್ತಿರಬೇಕು. ಯಾವ ಕಡೆ ನೋಡುತ್ತಿದ್ದರೆ ಚೆನ್ನ ಎಂದು ಆರಿಸುವುದರಲ್ಲೇ ಒಂದು ಗಂಟೆ ಕಳೆಯಿತು.

ಮೂರು ನಲವತ್ತಕ್ಕೆ ಯಂತ್ರ ನಿಂತಿತು. ಮುಚ್ಚಳ ತೆಗೆದು, ಪುಡಿಯನ್ನು ಊದಿದ. ಹಲಗೆ ಖಾಲಿ. ಇನ್ನೂ ಊದಿದ. ಎಡಗಡೆಯ ಕೆಳಮೂಲೆಯಲ್ಲಿ, ಒಂದಡಿಗೂ ಕಡಿಮೆ ಜಾಗದಲ್ಲಿ, 'ರಟ್ಟು ದಾರ' ಎಂದು ಇತ್ತು. ಗೇಣುದ್ದ ಇರಬೇಕಾದ ಅಕ್ಷರ ಬೆರಳುದ್ದ ಇತ್ತು. ಅಕ್ಷರಗಳೇನೋ ಅದ್ಭುತವಾಗಿದ್ದವು. ರ ಎಂದರೆ ಹೀಗಿರಬೇಕು ಎಂಬಂತಿತ್ತು ರ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಒಂದು ನಡುಕದ ಗುರುತಿಲ್ಲ. ಮಿಕ್ಕ ಹಲಗೆ ಮಾತ್ರ ಅಂಗೈಯಷ್ಟು ಬೋಳು, ಕೂದಲೆಳೆಯ ತಲೆಯಷ್ಟು ಬೋಳು.

ಏನಾಯಿತೆಂದು ತಿಳಿಯಲು ಅವನಿಗೆ ಕ್ಷಣ ಹಿಡಿಯಲಿಲ್ಲ. ಅದು ಇನ್ನೂ ನಾಚಿಕೆಗೇಡು. ಚಕ್ರ ಬದಲಿಸಿದ್ದ, ಬದಲಿಸಿದ್ದನ್ನು ಕಂಪ್ಯೂಟರಿಗೆ ಹೇಳಿರಲಿಲ್ಲ. ಒಂದು ಮಿಲಿಮೀಟರಿಗೆ ಇಷ್ಟು ಹೆಜ್ಜೆ ಎಂಬ ಸಂಖ್ಯೆ ಅಲ್ಲಿ ಹಳೆಯದೇ ಇತ್ತು. ಹೆಜ್ಜೆ ಮೂರು ಪಟ್ಟು ಸಣ್ಣದಾಗಿತ್ತು, ಎಣಿಕೆ ಅಷ್ಟೇ ಇತ್ತು, ಬೋರ್ಡು ಮೂರನೇ ಒಂದು ಪಾಲಾಗಿತ್ತು. ಹೋದ ತಿಂಗಳಷ್ಟೇ ಇಂಥ ಯಂತ್ರ ಕಟ್ಟುವ ಹವ್ಯಾಸಿಗಳ ಫೋನ್ ಗುಂಪಿನಲ್ಲಿ ಎಲ್ಲಿಯವನೋ ಒಬ್ಬ, ತನ್ನ ಚೌಕಗಳೆಲ್ಲ ಚಿಕ್ಕದಾಗಿ ಬರುತ್ತಿವೆ ಎಂದು ಗೋಳಾಡಿದ್ದ. 'ಗೇರು ಬದಲಿಸಿದ ಮೇಲೆ ಸಂಖ್ಯೆ ಬದಲಿಸಬೇಕೆಂಬುದು ಈ ಹವ್ಯಾಸದ ಅಆಇಈ' ಎಂದು ಅವನಿಗೆ ಇವನೇ ಉತ್ತರ ಬರೆದಿದ್ದ. ಹನ್ನೆರಡು ಜನ ಮೆಚ್ಚಿದ್ದರು. ಆ ಹನ್ನೆರಡು ಹೆಬ್ಬೆರಳುಗಳು ಈಗ ಒಂದೊಂದಾಗಿ ಕಣ್ಣಿಗೆ ತಿವಿಯುತ್ತಿದ್ದವು. ಬದುಕಿನಲ್ಲಿ ಒಂದೇ ಒಂದು ದಿನ ಯೋಚನೆ ಮಾಡದೆ ಕೆಲಸ ಮಾಡಿದ್ದ.

ಸಂಖ್ಯೆ ತಿದ್ದಿ ಇನ್ನೊಂದು ಹಲಗೆ ಹಾಕಿದರೆ ಐದೂಕಾಲು. ಇದನ್ನೇ ಒಯ್ಯುವುದೋ, ಬರಿಗೈಯಲ್ಲಿ ಹೋಗುವುದೋ. ಹೋಗದೇ ಇರುವುದು ಎಂಬ ಮೂರನೆಯದೂ ಒಂದು ಹೊಳೆಯಿತು. ಹೊಟ್ಟೆನೋವು ಎಂದು ಮಲಗಬಹುದು, ನಿಜಕ್ಕೂ ಸ್ವಲ್ಪ ನೋಯುತ್ತಲೂ ಇತ್ತು. ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆಯ ಆ ತುದಿ ನೋಡುತ್ತಿರುವ ಹೆಂಡತಿಯ ಮುಖ ನೆನಪಾಗಿ ಅವನಿಗೆ ಅಳು ಬಂದಂತಾಯಿತು. ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಅಂಗಿಯ ಮೇಲಿನ ಪುಡಿಯನ್ನೂ ಕೊಡವದೆ ಹೊರಟ.

ಅರ್ಧ ದಾರಿಯಲ್ಲಿ ಸಿಕ್ಕಿದವರು ಆ ಟೀಚರಮ್ಮ. ಕೈಚೀಲ ಕೆಳಗಿಟ್ಟು, ಹಲಗೆಯ ಮೂಲೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು. "ರಟ್ಟು ದಾರ. ನಿನ್ನ ಚಾರ್ಟಿನ ಕೊನೇ ಸಾಲಿನಷ್ಟು ಸಣ್ಣಕ್ಕಿದ್ರೂ ಕಾಣುತ್ತೆ ನೋಡು. ನೀನು ಕೊಟ್ಟ ಕನ್ನಡಕ ಚೆನ್ನಾಗಿದೆ. ಮೇಲಿನ ದೊಡ್ಡ ಅಕ್ಷರ ಎಲ್ಲ ಎಲ್ಲಿ?" ಎಂದರು. ಅವನು "ಬರ್ತೀನಿ" ಎಂದು ಹೇಳಿ ಹೆಚ್ಚುಕಡಿಮೆ ಓಡಿದ.

ಐದು ಬಾಗಿಲುಗಳ ಸಾಲಿನಲ್ಲಿ ಮೂರನೆಯದರ ಮೇಲೆ ಗೋಡೆ ಖಾಲಿಯಿತ್ತು. ಒಳಗೆ ಕುರ್ಚಿಗಳು, ಒಂದಿಬ್ಬರು ಹಳೆಯ ಸಹೋದ್ಯೋಗಿಗಳು ರಟ್ಟಿನ ಕಟ್ಟುಗಳನ್ನು ಮುಟ್ಟಿ ನೋಡುತ್ತಿದ್ದರು. ನಾಲ್ಕಕ್ಕೆ ಮೂರು ನಿಮಿಷ. ಹೆಂಡತಿ ಹೊರಗೆ ಬಂದಳು. ತಲೆಯ ಬಟ್ಟೆ ಬಿಚ್ಚಿ ಕೂದಲು ಬಾಚಿಕೊಂಡಿದ್ದಳು. ಅವನು ಹಲಗೆ ತಿರುಗಿಸಿ ತೋರಿಸಿದ. ಅವಳು ಇಡೀ ಹಲಗೆ ನೋಡಿದಳು, ಆಮೇಲೆ ಮೂಲೆ ನೋಡಿದಳು. ಬೆರಳನ್ನು ಅಕ್ಷರದ ಕಚ್ಚಿನೊಳಗೆ ಇಟ್ಟು ಒಂದು ಸುತ್ತು ಬಂದಳು.

"ನಯವಾಗಿದೆ" ಅಂದಳು.

"ಸಂಖ್ಯೆ ಬದಲಾಯಿಸೋದು ಮರೆತೆ."

"ಹೂಂ." ಅವಳ ತುಟಿಯ ಒಂದು ತುದಿ ನಡುಗಿತು. ಅಳುತ್ತಾಳೆ ಅಂದುಕೊಂಡ. ಅವಳು ನಗು ತಡೆಯುತ್ತಿದ್ದಳು. "ಅಷ್ಟನ್ನ ಕುಯ್ದು ಒಳಗೆ ಇಡೋಣ. ಮಿಕ್ಕ ಮರ ಪುಸ್ತಕ ಒತ್ತೋಕೆ ಬೇಕು."

ಹೀಗೆ ಹೇಳಿ ಒಳಗೆ ಹೋದವಳು, ಕಾಗದ ಕತ್ತರಿಸುವ ಯಂತ್ರದ ಹಿಂದೆ ಕೈಹಾಕಿ, ಹಳೆಯ ಪೇಪರ್ ಸುತ್ತಿದ ಉದ್ದನೆಯ ತಗಡೊಂದನ್ನು ಎಳೆದು ತಂದಳು. ಪೇಪರ್ ಹರಿದಾಗ ಕೆಂಪು ಬಣ್ಣದ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ರಟ್ಟು ದಾರ ಎಂದು ಇತ್ತು. ಪೇಂಟರನ ಕೆಲಸ. ರ ಸ್ವಲ್ಪ ಕುಂಬಳಕಾಯಿಯಂತಿತ್ತು. ಆದರೆ ರಸ್ತೆಯ ಆಚೆಯಿಂದ ಕುರುಡನಿಗೂ ಕಾಣುವಂತಿತ್ತು.

"ಯಾವಾಗ ಮಾಡಿಸ್ದೆ?"

"ತಿಂಗಳಾಯ್ತು."

ಮುಖಕ್ಕೆ ಹೊಡೆದಂತಾಯಿತು. ತಿಂಗಳಿಡೀ ತಾನು ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದಾಗ, ಇದು ಇಲ್ಲಿ ಗೋಡೆಗೆ ಮುಖ ಮಾಡಿ ಕಾಯುತ್ತಿತ್ತು. ಬೆಳಿಗ್ಗೆ 'ಇವತ್ತು ಆಗುತ್ತಾ' ಎಂದು ಕೇಳಿದಾಗಲೂ ಇದು ಇತ್ತು. ತನ್ನನ್ನು ಅವಳು ನಂಬಿರಲಿಲ್ಲ. ನಂಬದಿದ್ದದ್ದು ಸರಿಯಾಗಿಯೇ ಇತ್ತು, ಸಿಟ್ಟು ಮಾಡಲೂ ಜಾಗವಿರಲಿಲ್ಲ. ಅಂಗಡಿಯ ಪಕ್ಕದ ಗೋಡೆಗೆ ಒಂದು ಏಣಿ ಒರಗಿಸಿಟ್ಟಿದ್ದು ಆಗ ಕಣ್ಣಿಗೆ ಬಿತ್ತು.

"ಮತ್ತೆ ಅವನ ಕೈಲೇ ಹಾಕಿಸಿಬಿಡ್ಬೇಕಿತ್ತು" ಎಂದ. ಮಾತು ಎಣಿಸಿದ್ದಕ್ಕಿಂತ ಸಣ್ಣದಾಗಿ ಹೊರಬಂತು.

"ಎರಡು ಸಲ ಬಂದಿದ್ದ, ಹಾಕ್ಲಾ ಅಂತ. ಬೇಡ, ತೂತು ಮಾತ್ರ ಕೊರೆದು ಏಣಿ ಬಿಟ್ಟು ಹೋಗಪ್ಪ ಅಂದೆ."

"ಯಾಕೆ?"

"ನಿಮ್ಮ ಬೋರ್ಡು ಬರುತ್ತೆ ಅಂತ ನಂಗೇನು ಗ್ಯಾರಂಟಿ ಇರ್ಲಿಲ್ಲ." ಅವಳು ಏಣಿಯನ್ನು ಎಳೆದು ಬಾಗಿಲ ಮೇಲಕ್ಕೆ ಆನಿಸಿದಳು. "ನೀವು ಬರ್ತೀರ ಅಂತ ಇತ್ತು. ಹತ್ತಿ."

ಅವನು ಹತ್ತಿದ. ತಗಡು ಒಂದು ಕೈಯಲ್ಲಿ, ಸ್ಕ್ರೂಗಳು ಬಾಯಲ್ಲಿ. ಗೋಡೆಯಲ್ಲಿ ಪೇಂಟರ್ ಕೊರೆದಿಟ್ಟಿದ್ದ ತೂತುಗಳು ಸಿಕ್ಕವು. ಒಂದು, ಎರಡು, ಮೂರು. ಕೆಳಗೆ ಅವಳು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೆಟ್ಟಗಿದ್ಯಾ?" ಎಂದು ಹಲ್ಲುಗಳ ನಡುವಿನಿಂದ ಕೇಳಿದ.

ಅವಳು ತಲೆ ಎತ್ತಿ ನೋಡಿದಳು. "ಇಲ್ಲ. ಎಡಗಡೆ ಒಂದು ಬೆರಳು ಇಳಿದಿದೆ."

ಒಂದು ಬೆರಳು. ಕೂದಲಿನ ಹತ್ತನೇ ಒಂದು ಪಾಲಿಗೆ ಹನ್ನೊಂದು ತಿಂಗಳು ಕೊಟ್ಟವನ ಕೈ ತಾನಾಗಿಯೇ ಮೊದಲ ಸ್ಕ್ರೂವಿನ ಕಡೆ ಹೋಯಿತು. "ಬಿಚ್ಚಿ ಸರಿ ಮಾಡ್ತೀನಿ, ಐದೇ ನಿಮಿಷ."

ಅಷ್ಟರಲ್ಲಿ ರಸ್ತೆಯ ಆಚೆ, ಗ್ರಂಥಾಲಯದ ದೊಡ್ಡ ಅಧಿಕಾರಿ ಒಂದು ಕಟ್ಟು ಹರಿದ ಪುಸ್ತಕಗಳನ್ನು ಎದೆಗವಚಿಕೊಂಡು, ಯಾವ ಬಾಗಿಲೆಂದು ತಿಳಿಯದೆ ಐದನ್ನೂ ಒಂದೊಂದಾಗಿ ನೋಡುತ್ತಿದ್ದವರು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ತುಟಿ ಅಲ್ಲಾಡಿಸಿ ಓದಿಕೊಂಡು, ನೇರ ಇತ್ತ ಹೆಜ್ಜೆ ಹಾಕಿದರು.

"ಮುಟ್ಬೇಡಿ" ಅಂದಳು ಅವಳು. ಅಷ್ಟು ವರ್ಷಗಳಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ಅವನು ಕೇಳಿರಲಿಲ್ಲ. "ಹಾಗೇ ಇರ್ಲಿ. ಬರ್ತಿದಾರೆ, ಇಳೀರಿ."

ಅವನು ನಾಲ್ಕನೇ ಸ್ಕ್ರೂವನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಇಳಿಯತೊಡಗಿದ. ಅವನ ಎರಡೂ ಕಾಲು ನೆಲ ಮುಟ್ಟುವವರೆಗೆ ಅವಳು ಏಣಿ ಬಿಡಲಿಲ್ಲ.